ರೊಟ್ಟಿಯ ಸದ್ದು, ಬಳೆಯ ಸದ್ದು

ಮಾಕಳಿಯಲ್ಲಿ ಬೆಳಗು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ತುಮಕೂರು ರಸ್ತೆಯ ಮೇಲೆ ಮಂಜು ಮಲಗಿದೆ, ಲಾರಿಗಳ ಗದ್ದಲಕ್ಕೆ ಇನ್ನೂ ಹೊತ್ತಿದೆ. ತಗಡಿನ ಮಾಡಿನ ಪುಟ್ಟ ಅಂಗಡಿಯೊಳಗಿಂದ ಮಾತ್ರ ರೊಟ್ಟಿ ಬಡಿಯುವ ಸದ್ದು. ತಪ್, ತಪ್, ತಪ್. ಹಸಿದವರು ಯಾರಾದರೂ ಆಸೆಯಿಂದ ಇಣುಕಿದರೋ, ಮೋಸ ಹೋದರು. ಒಳಗೆ ಒಲೆಯೂ ಇಲ್ಲ, ಹಿಟ್ಟೂ ಇಲ್ಲ. ಇರುವುದು ಎರಡು ಸ್ಪೀಕರು, ಒಂದು ರಿಸೀವರು, ಅವುಗಳ ಮುಂದೆ ಕಣ್ಣು ಮುಚ್ಚಿ ಕೂತ ಸಂಗಣ್ಣ. ಬಾಗಿಲ ಬಳಿ ಅವರ ಹೆಂಡತಿ ಮಹಾನಂದಾ ಬೆನ್ನು ತಿರುಗಿಸಿ ಕೂತಿದ್ದಾರೆ. ತಮ್ಮ ಬಳೆಗಳು ಸದ್ದು ಮಾಡದಂತೆ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾರೆ.

"ಹೆಂಗೈತಿ?" ಸಂಗಣ್ಣ ಕೇಳುತ್ತಾರೆ.

"ರೊಟ್ಟಿ ಐತಿ. ಬಳಿ ಇಲ್ರೀ."

ಸಂಗಣ್ಣ ಆ ರಿಸೀವರನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ.

ಮನೆಯಲ್ಲೇ ಸಿನಿಮಾ ನೋಡುವವರ ಸ್ಪೀಕರಿಗೆ ಒಪ್ಪುವ ರಿಸೀವರ್, ಅಂದರೆ ಸ್ಪೀಕರಿಗೆ ಕಸುವು ತುಂಬುವ ಪೆಟ್ಟಿಗೆ, ಹುಡುಕಿ ಜೋಡಿ ಮಾಡಿಕೊಡುವುದು ಇವರ ಕಸುಬು. ಒಂಥರಾ ಮದುವೆ ದಲ್ಲಾಳಿಯ ಕೆಲಸವೇ ಅನ್ನಿ. "ಎಲ್ರೂ ವಾಟ್ಸ್ ಜಾಸ್ತಿ ಇರೋದು ಕೊಡ್ರಿ ಅಂತಾರ. ಉಣ್ಣೋರ ಹಸಿವು ನೋಡದ ಅಡಗಿ ಮಾಡಿದ್ರ ಹೆಂಗ್ರೀ? ಕೆಲವು ಸ್ಪೀಕರಿಗೆ ಹಸಿವು ಭಾಳ. ಕಸುವಿಲ್ಲದ ರಿಸೀವರ್ ಬಡಿಸಿ ಬಡಿಸಿ ಮೈ ಕಾಯಿಸ್ಕೊಂಡು ಕುಂತ್ಬಿಡತೈತಿ" ಎಂದು ನಗುತ್ತಾರೆ. ದಿನಕ್ಕೆ ಒಂದು ಜೋಡಿ ಕೂಡಿದರೆ ಅದೇ ಹಬ್ಬ. ಒಂದೊಂದು ವಾರ ಒಂದೂ ಇಲ್ಲ.

ಊರು ಕುಷ್ಟಗಿ ಕಡೆಯ ಹಳ್ಳಿ. ಪೀಣ್ಯಕ್ಕೆ ಬಂದಾಗ ಸಂಗಣ್ಣನಿಗೆ ಮೀಸೆ ಚಿಗುರುತ್ತಿತ್ತು. ತಗಡು ಒತ್ತುವ ಪ್ರೆಸ್ಸಿನ ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ದುಡಿದರು. ಯಂತ್ರ ಹೊಟ್ಟೆಗೆ ಅನ್ನ ಕೊಟ್ಟಿತು, ಅದರ ಬಾಬ್ತು ಕಿವಿಯಿಂದ ಚೂರುಚೂರೇ ವಸೂಲು ಮಾಡಿಕೊಂಡಿತು. ಅದು ಆಗ ಯಾರಿಗೆ ಗೊತ್ತು! ಸಂಜೆ ಹೊತ್ತು ಚಿನ್ನಪ್ಪ ಎಂಬ ರೇಡಿಯೊ ರಿಪೇರಿಯವರ ಹತ್ತಿರ ಕೂತು ಕೆಲಸ ಕಲಿತರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಈ ಅಂಗಡಿ.

ಅಂಗಡಿ ಶುರುವಾದ ವರ್ಷ, ಬಾಡಿಗೆ ಕೋಣೆಯಲ್ಲಿ ಮಹಾನಂದಾ ರೊಟ್ಟಿ ಬಡಿಯುವುದನ್ನು ಅವರು ಫೋನಿನಲ್ಲಿ ಹಿಡಿದಿಟ್ಟುಕೊಂಡರು. ಅವತ್ತಿನಿಂದ ಪರೀಕ್ಷೆಗೆ ಅದೊಂದೇ ಸದ್ದು. "ಬಾಂಬಿನ ಸಪ್ಪಳ ಯಾವ ಡಬ್ಬಿನೂ ಮಾಡತೈತಿ. ಹಸಿ ಹಿಟ್ಟಿನ ಮ್ಯಾಲೆ ಅಂಗೈ ಬಿದ್ದಂಗ ಕೇಳಬೇಕಂದ್ರ ಜೋಡಿ ಮನಸಾರೆ ಕೂಡಿರಬೇಕು. ಅದರ ಹಿಂದ ಗಾಜಿನ ಬಳಿ ಕಿಣಿಕಿಣಿ ಅಂದ್ರ ಸಾಕು, ಮುಗೀತು."

ಒಂದು ದಿನ ಬಳೆ ಕೇಳಲಿಲ್ಲ. ಒಳ್ಳೆಯ ರಿಸೀವರು, ಒಳ್ಳೆಯ ಸ್ಪೀಕರು. ಸಂಗಣ್ಣ ರಿಸೀವರ್ ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ಊಟ ತಂದ ಮಹಾನಂದಾ ಬಾಗಿಲಲ್ಲಿ ನಿಂತು, "ಯಾಕ ಬಿಚ್ಚಾಕತ್ತೀರಿ? ಬಳಿ ಸಪ್ಪಳ ಎಷ್ಟು ಚಂದ ಬರಾಕತ್ತೈತಲ್ರೀ" ಅಂದರು. ಸಂಗಣ್ಣನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. "ಕುಣಿಯಲಾರದಾಕಿ ನೆಲ ಡೊಂಕು ಅಂದ್ಲಂತ. ಹಂಗಾತು ನಂದು" ಎಂದು ಈಗ ಹೇಳುತ್ತಾರೆ. ಅವತ್ತು ಮಾತ್ರ ಉಣ್ಣಲಿಲ್ಲ.

ಆಮೇಲೆ ಎಲ್ಲಿಗೆ ಹೋದರೂ ಹೆಂಡತಿ ಜೊತೆಗೆ. ಕೇಳಿದವರಿಗೆ ಒಂದೇ ಉತ್ತರ: "ವೈರ್ ಹಿಡಿಯಾಕ ಬಂದಾಳ್ರೀ." ಸದ್ದು ಹೊಂದಿಸುವವನಿಗೇ ಕಿವಿ ಮಂದ ಎಂದು ಗೊತ್ತಾದರೆ ಕರೆಯುವವರು ಯಾರು? ಆ ಭಯ ಸಂಗಣ್ಣನ ಎದೆಯಲ್ಲಿ ಮುಳ್ಳಿನಂತೆ ಕೂತಿದೆ. ಮಹಾನಂದಾ ಹೋದ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು, ಬಳೆ ಕೇಳಿಸಿದೊಡನೆ ತಮ್ಮ ಮುಂಗೈ ಬಿಡುತ್ತಾರೆ. ಸಂಗಣ್ಣನಿಗೆ ಅಷ್ಟೇ ಸನ್ನೆ.

ಇವತ್ತಿನ ಕೆಲಸ ಪೀಣ್ಯದಾಚೆಯ ಅಪಾರ್ಟ್‌ಮೆಂಟಿನಲ್ಲಿ. ದಾವಣಗೆರೆ ಕಡೆಯ ನಿವೇದಿತಾ ಅವರ ಮನೆ. ದೊಡ್ಡ ಸ್ಪೀಕರುಗಳು, ಸದ್ದು ಏರಿಸಿದರೆ ಆರಿಹೋಗುವ ರಿಸೀವರು. ಸಂಗಣ್ಣ ಬೆಳಿಗ್ಗೆ ಆರಿಸಿದ್ದನ್ನು ಜೋಡಿಸುತ್ತಾರೆ. ಕಿಟಕಿಯ ಬಿಸಿಲು ನೆಲದ ಮೇಲೆ ಹಾಲಿನಂತೆ ಹರಡಿದೆ. ಹತ್ತನೆಯ ಮಹಡಿಯ ನಡುಮನೆಯಲ್ಲಿ ಬಾಡಿಗೆ ಕೋಣೆಯ ರೊಟ್ಟಿ ತಪತಪ ಎನ್ನತೊಡಗುತ್ತದೆ.

ನಿವೇದಿತಾ ಇಬ್ಬರನ್ನೂ ನೋಡುತ್ತಾರೆ. "ಅಣ್ಣಾ, ನೀವು ಆಗಿಂದ ಅಕ್ಕನ ಕೈಯನ್ನೇ ನೋಡ್ತಿದೀರಲ್ಲ, ಯಾಕೆ?"

ಸಂಗಣ್ಣ ತಲೆ ತಗ್ಗಿಸುತ್ತಾರೆ. ವೈರಿನ ಮಾತು ನಾಲಿಗೆಯ ತುದಿಯಲ್ಲೇ ಇದೆ. ಆದರೆ ಇವತ್ತು ಅದು ಹೊರಡುವುದಿಲ್ಲ.

"ನನಗ ಸಣ್ಣ ಸಪ್ಪಳ ಕೇಳಂಗಿಲ್ರೀ ಮೇಡಂ. ಪ್ರೆಸ್ಸಿನಾಗ ಹೋತು. ಕೈ ಕೆಲಸ ನಂದು, ಕಿವಿ ಆಕೀದು. ಬ್ಯಾಡ ಅಂದ್ರ ಬಿಚ್ಕೊಂಡು ಹೋಗ್ತೀನಿ."

ನಿವೇದಿತಾ ಎದ್ದು ಸೋಫಾದ ಮೇಲಿನ ದಿಂಬುಗಳನ್ನು ಸರಿಸುತ್ತಾರೆ. "ಮತ್ತೆ ಅಕ್ಕ ಅಲ್ಲಿ ಯಾಕೆ ನಿಂತಿದಾರೆ? ಇಲ್ಲಿ ಬನ್ನಿ ಅಕ್ಕಾ, ನಡುವೆ ಕೂತ್ಕೊಳ್ಳಿ. ಚೆನ್ನಾಗಿ ಕೇಳೋದು ಇಲ್ಲೇ ಅಲ್ವಾ?"

ಇಷ್ಟು ಮನೆ ತಿರುಗಿದರೂ ಮಹಾನಂದಾ ಆ ನಡುವಿನ ಜಾಗದಲ್ಲಿ ಕೂತವರಲ್ಲ. ಸೆರಗು ಸರಿಮಾಡಿಕೊಂಡು ಅಲ್ಲೇ ಸೀಟಿನ ಅಂಚಿಗೆ ಕೂರುತ್ತಾರೆ, ಮುಂಗೈ ಹಿಡಿಯುತ್ತಾರೆ, ಕಣ್ಣು ಮುಚ್ಚುತ್ತಾರೆ. ಅವರದೇ ಹರೆಯದ ಕೈಗಳು ಎದುರಿಗೆ ರೊಟ್ಟಿ ಬಡಿಯುತ್ತಿವೆ. ಮುಖದ ಮೇಲೆ ನಗು ತಾನಾಗಿ ಬರುತ್ತದೆ. ಸ್ವಲ್ಪ ಹೊತ್ತಿಗೆ ಹಿಡಿತ ಸಡಿಲಾಗಿ, ಬಳೆಗಳು ಮಣಿಕಟ್ಟಿಗೆ ಜಾರುತ್ತವೆ.

"ಕೇಳ್ತಾ?" ಸಂಗಣ್ಣ ಮುಂದಕ್ಕೆ ಬಾಗಿ ಕೇಳುತ್ತಾರೆ.

"ಹ್ಞೂಂ, ಕೇಳ್ತು. ಇನ್ನ ಮ್ಯಾಲೆ ವೈರ್ ಹಿಡಿಯಾಕ ಬ್ಯಾರೆ ಯಾರನ್ನರ ನೋಡ್ಕೋರಿ" ಅನ್ನುತ್ತಾರೆ ಮಹಾನಂದಾ, ಕಣ್ಣು ತೆರೆಯದೆ. "ನಾ ಕೇಳಾಕ ಬರ್ತೀನಿ."