ಅಲುಗದ ತೊಂಬತ್ತೇಳು

ಅಮ್ಮನ ಹಾಸಿಗೆಯ ಪಕ್ಕದಲ್ಲಿ ನಮ್ಮ ಕಂಪನಿಯ ಮೆಷಿನ್ ಕಂಡ ದಿನ ನಾನು ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟೆ. ಬಸವನಗುಡಿಯ ಒಂದು ನರ್ಸಿಂಗ್ ಹೋಮಿನಲ್ಲಿ ಅವಳಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. ಮರುದಿನ ನಾಲ್ಕು ಹಾಸಿಗೆಯ ವಾರ್ಡಿಗೆ ತಂದು ಮಲಗಿಸಿದ್ದರು. ಬೆರಳಿಗೊಂದು ಕ್ಲಿಪ್, ಕ್ಲಿಪ್ಪಿಗೊಂದು ಕೇಬಲ್, ಕೇಬಲ್ಲಿನ ತುದಿಯಲ್ಲಿ ಅಡುಗೆಮನೆಯ ಡಬ್ಬಿಯಷ್ಟು ದೊಡ್ಡ ಮೆಷಿನ್. ಅದರ ಮೇಲೆ ಹಸಿರು ಬಣ್ಣದ ಎರಡೇ ಸಂಖ್ಯೆ: ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ನಾಡಿ ಎಷ್ಟು ಬಡಿಯುತ್ತಿದೆ.

ಅಮ್ಮನಿಗೋ ಸಂಭ್ರಮ. "ನನ್ ಮಗಳು ಮಾಡಿರೋದು ಇದು" ಎಂದು ಆಯಾಳಿಂದ ಹಿಡಿದು ಎದುರು ಹಾಸಿಗೆಯ ಅಜ್ಜಿಯವರೆಗೆ ಎಲ್ಲರಿಗೂ ಸಾರಿದ್ದಳು. ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿ, ಸಾಹೇಬರ ಫೈಲು ಹೊತ್ತು ಮೂರು ಮಹಡಿ ಹತ್ತಿ ಇಳಿದು ನನ್ನನ್ನು ಓದಿಸಿದವಳು. ಅವಳ ಹೆಮ್ಮೆಗೆ ಅಡ್ಡ ಬರುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ.

"ಇದ್ರಲ್ಲಿ ನೀನು ಮಾಡಿದ್ದು ಯಾವ್ದೇ?" ಎಂದು ಕೇಳಿದಳು.

"ಒಳಗಡೆ ಇರುತ್ತಮ್ಮ, ಕಾಣ್ಸಲ್ಲ."

"ಕಾಣ್ಸದಿದ್ರೆ ಏನಂತೆ? ಕೆಲ್ಸ ಮಾಡ್ತಿದೆಯಲ್ಲ."

ನಾನು ಬರೆಯುವುದು ಡ್ರೈವರ್. ಗಾಡಿ ಓಡಿಸುವ ಡ್ರೈವರ್ ಅಲ್ಲ ಎಂದು ನೆಂಟರಿಗೆ ಹೇಳಿ ಹೇಳಿ ಸಾಕಾಗಿದೆ. ಕ್ಲಿಪ್ಪಿನಂಥ ಸಾಧನದ ಜೊತೆ ಮಾತಾಡಿ, ಅದು ಹೇಳಿದ್ದನ್ನು ಮೆಷಿನ್ನಿನ ಪರದೆಗೆ ಮುಟ್ಟಿಸುವ ಸಣ್ಣ ಪ್ರೋಗ್ರಾಮ್ ಅದು. ಕಂಪ್ಯೂಟರಿನ ಹೊಟ್ಟೆಯಾದ ಕರ್ನಲ್ಲಿನೊಳಗೇ ಇರುತ್ತದೆ. ಹೊರಗೆ ತಪ್ಪಾದರೆ ಪರದೆಯ ಮೇಲಿನ ಒಂದು ಕಿಟಕಿ ಮುಚ್ಚಿಕೊಳ್ಳಬಹುದು, ಅಷ್ಟೇ. ಕರ್ನಲ್ಲಿನಲ್ಲಿ ತಪ್ಪಾದರೆ ಏನು ಬೇಕಾದರೂ ಆಗಬಹುದು. ಚಾಮರಾಜಪೇಟೆಯಲ್ಲಿ, ಕೆಳಗೆ ಲೇತ್ ಮೆಷಿನ್ನುಗಳು ಕಿರುಚುವ ಕಟ್ಟಡದ ಮೇಲ್ಮಹಡಿಯಲ್ಲಿ ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೇನೆ. ಆದರೂ ಹೊಸ ಡ್ರೈವರ್ ಹಾಕಿ ಬಟನ್ ಒತ್ತುವಾಗ ಇವತ್ತಿಗೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಪುಕ್ಕಲಿ ಎಂದರೆ ಪುಕ್ಕಲಿ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆದರಿಸುವುದು ಒಂದು ಎಣಿಕೆ. ಕೇಬಲ್ ಚುಚ್ಚಿದಾಗ ಆ ಕ್ಲಿಪ್ಪಿಗಾಗಿ ಮೆಮೊರಿಯಲ್ಲಿ ಒಂದಿಷ್ಟು ಜಾಗ ತೆಗೆದಿಡುತ್ತೇವೆ. ಯಾರು ಯಾರು ಆ ಜಾಗವನ್ನು ಬಳಸುತ್ತಿದ್ದಾರೋ ಅವರೆಲ್ಲರ ಲೆಕ್ಕ ಇಡಬೇಕು. ಬಂದರೆ ಒಂದು ಕೂಡಿಸು, ಹೋದರೆ ಒಂದು ಕಳೆ. ಸೊನ್ನೆಯಾದ ಕೂಡಲೇ ಕರ್ನಲ್ ಆ ಜಾಗವನ್ನು ವಾಪಸು ತೆಗೆದುಕೊಳ್ಳುತ್ತದೆ. ಓಕಳಿಪುರಂನ ನಮ್ಮ ಹಳೆಯ ಮನೆಯಲ್ಲಿ ಬಾಗಿಲ ಬಳಿಯ ಚಪ್ಪಲಿ ನೋಡಿ, ಒಂದೂ ಇಲ್ಲದಿದ್ದರೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದೆವು. ಯಾರೋ ಇನ್ನೊಬ್ಬರ ಚಪ್ಪಲಿ ಮೆಟ್ಟಿಕೊಂಡು ಹೋದರೆ ಮುಗಿಯಿತು, ಒಳಗೆ ಮನುಷ್ಯರಿರುವಾಗಲೇ ಬೀಗ ಬೀಳುತ್ತಿತ್ತು. ನಾನು ಮಾಡಿದ ತಪ್ಪೂ ಅದೇ ಜಾತಿಯದು.

ಹಿಂದಿನ ವರ್ಷ, ಕೇಬಲ್ ಕಿತ್ತು ಮತ್ತೆ ಹಾಕಿದಾಗಲೆಲ್ಲ ಸ್ವಲ್ಪ ಸ್ವಲ್ಪ ಮೆಮೊರಿ ಸೋರಿ ಮೆಷಿನ್ ನಿಧಾನವಾಗುತ್ತಿತ್ತು. ಎಲ್ಲೋ ಒಂದು ಕಳೆಯುವುದು ಬಿಟ್ಟುಹೋಗಿದೆ ಎಂದು, ಕೇಬಲ್ ಕಿತ್ತಾಗ ಇನ್ನೊಂದು ಸಲ ಕಳೆಯುವ ಸಾಲನ್ನು ಸೇರಿಸಿದೆ. ಸೋರಿಕೆ ನಿಂತಿತು. ಕಂಪನಿಯ ಯಜಮಾನರು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು. ಪರದೆ ಆ ಜಾಗವನ್ನು ಓದುತ್ತಿರುವ ಹೊತ್ತಿನಲ್ಲೇ ಕೇಬಲ್ ಕಿತ್ತರೆ ನನ್ನ ಆ ಸಾಲು ಒಂದನ್ನು ಹೆಚ್ಚಾಗಿ ಕಳೆಯುತ್ತದೆ ಎಂಬುದು ದೋಸೆ ತಿನ್ನುವಾಗ ಯಾರಿಗೂ ಹೊಳೆಯಲಿಲ್ಲ.

ಅಮ್ಮನ ಆಪರೇಷನ್ನಿಗೆ ಎರಡು ತಿಂಗಳ ಮುಂಚೆ ಒಂದು ಆಸ್ಪತ್ರೆಯಿಂದ ದೂರು ಬಂದಿತ್ತು: ಕೇಬಲ್ ತೆಗೆದು ಹಾಕಿದ ಮೇಲೆ ಒಮ್ಮೊಮ್ಮೆ ಸಂಖ್ಯೆ ನಿಂತೇಬಿಡುತ್ತದೆ. ಆಫೀಸಿನಲ್ಲಿ ಪರೀಕ್ಷೆಗೆಂದು ಒಂದು ಪ್ಲಾಸ್ಟಿಕ್ ಬೆರಳಿದೆ. ಕ್ಲಿಪ್ಪನ್ನು ಅದಕ್ಕೆ ಹಾಕಿದರೆ ಯಾವಾಗಲೂ ತೊಂಬತ್ತೇಳು, ಎಪ್ಪತ್ತೈದು ಎಂದೇ ತೋರಿಸುತ್ತದೆ. ಒಂದು ಮಧ್ಯಾಹ್ನವೆಲ್ಲ ಕೂತು ಕೇಬಲ್ ಕಿತ್ತೆ, ಹಾಕಿದೆ, ಕಿತ್ತೆ, ಹಾಕಿದೆ. ಪ್ರತಿ ಸಲವೂ ತೊಂಬತ್ತೇಳು, ಎಪ್ಪತ್ತೈದು. "ಸಮಸ್ಯೆ ಕಂಡುಬರಲಿಲ್ಲ. ಕೇಬಲ್ ಹಾಕಿದ ಮೇಲೆ ಮೆಷಿನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ" ಎಂದು ಮೆಷಿನ್ ಕೊಂಡ ಎಲ್ಲರಿಗೂ ಬರೆದು ದೂರನ್ನು ಮುಚ್ಚಿದೆ. ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚುತ್ತಿತ್ತು. ಬೇರೆ ಕೆಲಸ ಬಂತು, ಮರೆತೆ.

ಮೂರನೆಯ ದಿನ ನಾನು ವಾರ್ಡಿಗೆ ಹೋದಾಗ ಬೆಳಿಗ್ಗೆ ಹನ್ನೊಂದಾಗಿತ್ತು. ಅಮ್ಮ ದಿಂಬಿಗೆ ಒರಗಿದ್ದಳು. ಮುಖ ಕಪ್ಪಿಟ್ಟಿತ್ತು, ಮಾತು ಕಮ್ಮಿ. ಪರದೆಯಲ್ಲಿ ತೊಂಬತ್ತೇಳು, ಎಂಬತ್ನಾಲ್ಕು. ಸದ್ಯ ಎಂದುಕೊಂಡು ಮೂಸಂಬಿ ಸುಲಿಯುತ್ತಾ ಕೂತೆ. ಆಗ ಅಮ್ಮ ಕೆಮ್ಮಿದಳು, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಮೈಯೆಲ್ಲ ಅಲುಗುವಂತೆ. ನಾನು ಮೆಷಿನ್ ನೋಡಿದೆ. ಎಂಬತ್ನಾಲ್ಕು. ಬದುಕಿರುವ ಮನುಷ್ಯರ ನಾಡಿ ಹಾಗೆ ನಿಲ್ಲುವುದಿಲ್ಲ. ಕೆಮ್ಮಿದರೆ ಏರುತ್ತದೆ, ಮಗ್ಗುಲು ಬದಲಿಸಿದರೂ ಒಂದೆರಡು ಆಚೀಚೆ ಆಗುತ್ತದೆ. ಮನಸ್ಸಿನಲ್ಲೇ ಅರವತ್ತರವರೆಗೆ ಎಣಿಸಿದೆ. ಎಂಬತ್ನಾಲ್ಕು ಎಂಬತ್ನಾಲ್ಕಾಗಿಯೇ ಉಳಿಯಿತು.

ಆಗ ಆ ಪ್ಲಾಸ್ಟಿಕ್ ಬೆರಳು ನೆನಪಾಯಿತು. ಅದರ ಸಂಖ್ಯೆ ಯಾವತ್ತೂ ಬದಲಾಗುವುದಿಲ್ಲ. ಹಾಗಿರುವಾಗ ಆ ಮಧ್ಯಾಹ್ನ ಪರದೆ ನಿಂತುಹೋಗಿದ್ದರೂ ನನಗೆ ತಿಳಿಯುವುದು ಹೇಗೆ?

ಅಮ್ಮನ ಮಣಿಕಟ್ಟು ಹಿಡಿದು ಗೋಡೆಯ ಗಡಿಯಾರ ನೋಡುತ್ತಾ ನಾಡಿ ಎಣಿಸಿದೆ. ನಿಮಿಷಕ್ಕೆ ನೂರಾ ಹದಿನಾಲ್ಕು. ಎಣಿಕೆ ತಪ್ಪಿರಬೇಕು ಎಂದುಕೊಂಡೆ. ಮೆಲ್ಲಗೆ ಅವಳ ಬೆರಳಿನಿಂದ ಕ್ಲಿಪ್ ಬಿಡಿಸಿದೆ. ಕ್ಲಿಪ್ ನನ್ನ ಅಂಗೈಯಲ್ಲಿ, ಯಾರ ಬೆರಳನ್ನೂ ಹಿಡಿಯದೆ ಬಿದ್ದಿತ್ತು. ಪರದೆ ಮಾತ್ರ ಹಸಿರಾಗಿ ತೊಂಬತ್ತೇಳು ಎನ್ನುತ್ತಲೇ ಇತ್ತು.

ಬಾಡಿಗೆಯವರು ಖಾಲಿ ಮಾಡಿದ ಮನೆಯ ಗೋಡೆಯಲ್ಲಿ ಅವರ ಕ್ಯಾಲೆಂಡರ್ ಹಾಗೇ ನೇತಾಡುತ್ತಿರುತ್ತದಲ್ಲ, ಹಾಗೆ. ಬಿಟ್ಟುಕೊಟ್ಟ ಮೆಮೊರಿಯನ್ನು ಯಾರೂ ಒರೆಸುವುದಿಲ್ಲ. ಬೇರೊಬ್ಬರು ಬಂದು ಅದರ ಮೇಲೆ ಬರೆಯುವವರೆಗೆ ಹಳೆಯದು ಅಲ್ಲೇ ಇರುತ್ತದೆ. ಪರದೆ ಅದನ್ನೇ ನಂಬಿ ಓದುತ್ತಿತ್ತು. ಮೆಷಿನ್ ಕೆಟ್ಟು ಕಪ್ಪಾಗಿದ್ದರೆ ಎಷ್ಟೋ ವಾಸಿಯಿತ್ತು, ಯಾರಾದರೂ ಓಡಿ ಬರುತ್ತಿದ್ದರು.

ನಾನು ಮೊದಲು ಮಾಡಿದ್ದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಯಾರನ್ನೂ ಕೂಗದೆ ಸ್ವಿಚ್ಚಿಗೆ ಕೈ ಹಾಕಿ ಆಫ್ ಮಾಡಿ ಆನ್ ಮಾಡಿದೆ. ಅಮ್ಮನ ನಿಜವಾದ ಸಂಖ್ಯೆ ನೋಡಬೇಕೆಂದೋ, ನನ್ನ ತಪ್ಪು ಯಾರ ಕಣ್ಣಿಗೂ ಬೀಳದಿರಲಿ ಎಂದೋ, ದೇವರಾಣೆಗೂ ಗೊತ್ತಿಲ್ಲ. ನಮ್ಮ ಮೆಷಿನ್ ಎದ್ದು ಕೂರಲು ಒಂದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಪರದೆಯ ಮೇಲೆ ಮೂರು ಚುಕ್ಕಿ ಉರುಳುತ್ತಿರುತ್ತವೆ. ಒಂದು ನಿಮಿಷ ಏನು ಮಹಾ ಎಂದು ಮೀಟಿಂಗಿನಲ್ಲಿ ವಾದ ಮಾಡಿದವಳು ನಾನೇ. ಕ್ಲಿಪ್ಪನ್ನು ಮತ್ತೆ ಅಮ್ಮನ ಬೆರಳಿಗೆ ಹಾಕಿ ಆ ಚುಕ್ಕಿಗಳನ್ನು ನೋಡಿದೆ. ಅವಳ ತುಟಿ ನೋಡಿದೆ. ನೀಲಿಗಟ್ಟಿತ್ತು. ಆಮೇಲೆ ವಾರ್ಡೆಲ್ಲ ಬೆಚ್ಚಿಬೀಳುವಂತೆ "ಸಿಸ್ಟರ್!" ಎಂದು ಕಿರುಚಿದೆ.

ಆಮ್ಲಜನಕ ಎಂಬತ್ತೈದು ಎಂದು ಕೆಂಪಗೆ ಬಂತು, ಮೆಷಿನ್ನಿನ ಅಲಾರಂ ಹೊಡೆದುಕೊಳ್ಳತೊಡಗಿತು. ಡಾಕ್ಟರು ಬಂದರು. ಅಮ್ಮನನ್ನು ಎತ್ತಿ ಕೂರಿಸಿ, ಆಮ್ಲಜನಕದ ಮಾಸ್ಕ್ ಕಟ್ಟಿ, ಬೆನ್ನು ತಟ್ಟಿ ಕಫ ತೆಗೆಸಿದರು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಎಂಬತ್ತೆಂಟು, ಎಂಬತ್ತೇಳು, ತೊಂಬತ್ತು, ತೊಂಬತ್ಮೂರು. ಸಂಖ್ಯೆ ಅಲುಗುವುದನ್ನು ನೋಡಿ ನನಗೆ ಅಳು ಬಂತು.

ಡಾಕ್ಟರು ಹೋದ ಮೇಲೆ ಸಿಸ್ಟರ್ ನನ್ನನ್ನು ಬಾಗಿಲ ಹತ್ತಿರ ಕರೆದಳು. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗಿ, ಕಣ್ಣು ತುಂಬಿಕೊಂಡಿತ್ತು.

"ಬೆಳಿಗ್ಗೆ ಆರಕ್ಕೆ ಮೈ ಒರೆಸೋಕೆ ಕೇಬಲ್ ತೆಗ್ದಿದ್ದೆ ಮೇಡಂ. ಹಾಕಿದ್ಮೇಲೆ ಆಫ್ ಮಾಡಿ ಆನ್ ಮಾಡ್ಬೇಕು ಅಂತ ಕಂಪನಿಯವ್ರು ಹೇಳಿದಾರೆ. ಇವತ್ತು ಮರ್ತೇಹೋಯ್ತು. ತಪ್ಪು ನಂದೇ. ದಯವಿಟ್ಟು ಕಂಪ್ಲೇಂಟ್ ಮಾಡ್ಬೇಡಿ."

"ನಿಮ್ ತಪ್ಪಲ್ಲಮ್ಮ" ಎಂದೆ. "ಹಾಗೆ ಹೇಳಿದ ಕಂಪನಿಯವ್ಳು ನಾನೇ."

ಅವಳು ಕಣ್ಣೊರೆಸಿಕೊಂಡು ಹೊರಗೆ ಹೋದಳು.

ಅದೇ ಸಂಜೆ ಚಾಮರಾಜಪೇಟೆಗೆ ಹೋಗಿ, ಕ್ಲಿಪ್ಪನ್ನು ನನ್ನದೇ ಬೆರಳಿಗೆ ಹಾಕಿ, ಕೇಬಲ್ ಕಿತ್ತು ಹಾಕಿ, ನಿಂತಲ್ಲೇ ಕುಣಿದು ನಾಡಿ ಏರಿಸಿ ನೋಡಿದೆ. ಸಂಖ್ಯೆ ಕಲ್ಲಿನ ಹಾಗೆ ನಿಂತಿತ್ತು. ನಾನು ಸೇರಿಸಿದ್ದ ಆ ಒಂದು ಸಾಲು ತೆಗೆದು, ಕಳೆಯುವುದು ನಿಜಕ್ಕೂ ಬಿಟ್ಟುಹೋಗಿದ್ದ ಜಾಗದಲ್ಲಿ ಅದನ್ನು ಬರೆದೆ. ಮೆಷಿನ್ ಕೊಂಡವರಿಗೆಲ್ಲ ಯಜಮಾನರಿಂದಲೇ ಫೋನು ಮಾಡಿಸಿದೆ. ಪ್ಲಾಸ್ಟಿಕ್ ಬೆರಳನ್ನು ಯಾರೂ ಮುಟ್ಟದಂತೆ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅದೆಲ್ಲ ಆಮೇಲಿನ ಮಾತು. ಅದಕ್ಕೂ ಮುಂಚೆ, ವಾರ್ಡಿನಲ್ಲಿ ಅಮ್ಮ ಮಾಸ್ಕ್ ಸರಿಸಿ ನನ್ನನ್ನು ಹತ್ತಿರ ಕರೆದಿದ್ದಳು.

"ಬೆಳಿಗ್ಗೆಯಿಂದ ಉಸಿರು ಕಟ್ಟಿದಂಗೆ ಆಗ್ತಿತ್ತು ಕಣೇ."

"ಮತ್ತೆ ಸಿಸ್ಟರ್‌ನ ಯಾಕಮ್ಮ ಕರೀಲಿಲ್ಲ?"

"ಮೆಷಿನ್ ಚೆನ್ನಾಗಿದೆ ಅಂತ ತೋರಿಸ್ತಿತ್ತಲ್ಲ. ನೀನು ಮಾಡಿದ್ದು ಸುಳ್ಳು ಹೇಳುತ್ತಾ? ನಂಗೇ ಏನೋ ಭ್ರಮೆ ಅಂದ್ಕೊಂಡೆ."

ಅವಳ ಕಣ್ಣು ತಪ್ಪಿಸಲು ಆಗಲಿಲ್ಲ. "ಅದು ಸುಳ್ಳೇ ಹೇಳ್ತು ಅಮ್ಮ. ನಾನು ತಪ್ಪು ಮಾಡಿದ್ದೆ" ಎಂದೆ.

ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನನ್ನು ಬಿಟ್ಟು ಎದುರು ಹಾಸಿಗೆಯ ಕಡೆ ನೋಡುತ್ತಿದ್ದಳು. ಅಲ್ಲಿ ಅಜ್ಜಿ ಮಲಗಿದ್ದರು, ತಲೆಯ ಬಳಿ ನಮ್ಮದೇ ಮೆಷಿನ್.

"ಅವ್ರೂ ಬೆಳಿಗ್ಗೆ ಸಿಸ್ಟರ್ ಮೈ ಒರೆಸಿ ಹೋದಾಗಿಂದ ಆಗ್ತಿಲ್ಲ, ಆಗ್ತಿಲ್ಲ ಅಂತಿದ್ರು ಕಣೇ" ಎಂದಳು. "ನಾನೇ ಸಮಾಧಾನ ಮಾಡ್ದೆ. ನನ್ ಮಗಳ ಮೆಷಿನ್ ಇದೆ, ಏನೂ ಹೆದ್ರಬೇಡಿ ಅಂತ."

ಅಜ್ಜಿಯ ಪರದೆಯಲ್ಲಿ ಹಸಿರಾಗಿ ತೊಂಬತ್ತಾರು ಎಂದಿತ್ತು. "ಸಿಸ್ಟರ್" ಎಂದು ಕೂಗುತ್ತಲೇ ಹಾಸಿಗೆ ದಾಟಿ ಹೋದೆ. ಅಜ್ಜಿ ಕಣ್ಣು ಮುಚ್ಚಿದ್ದರು. ಅವರ ಕೈ ಎತ್ತಿಕೊಂಡು ನಾಡಿಗಾಗಿ ಹುಡುಕತೊಡಗಿದೆ.