ರಘೋತ್ತಮರ ಧ್ವನಿ ಉಳಿದ ಬಗೆ

ಇಂಡಿ ಕಡೆಯಿಂದ ಬಂದು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ನೌಕರಿ ಮುಗಿಸಿ, ನಾಸಿಕದಲ್ಲೇ ನೆಲೆ ನಿಂತ ರಘೋತ್ತಮರು ಮಾತಿನ ಮನುಷ್ಯ. ಯಂತ್ರಗಳ ಸದ್ದಿನ ನಡುವೆ ದುಡಿದು ದುಡಿದು ದನಿಯೂ ದೊಡ್ಡದಾಗಿತ್ತು. ಅವರು ಫೋನಿನಲ್ಲಿ ಮಾತಾಡಿದರೆ ಪಕ್ಕದ ಮನೆಗೂ ಸುದ್ದಿ ತಿಳಿಯುತ್ತಿತ್ತು. ಅಂಥವರ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಜೀವ ಉಳಿಸಬಹುದು, ಆದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು ಡಾಕ್ಟರು.

ರಘೋತ್ತಮರಿಗೆ ಮೊದಲು ನೆನಪಾದವಳು ಮೊಮ್ಮಗಳು ಭಾರ್ಗವಿ. ಮಗ ಅತುಲನ ಸಂಸಾರ ಸಂಭಾಜಿನಗರದಲ್ಲಿ. ಸೊಸೆ ರುಚಿತಾ ಮರಾಠಿ ಮನೆಯ ಹೆಣ್ಣುಮಗಳು. ಭಾರ್ಗವಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ. ಅಷ್ಟು ಕನ್ನಡವೂ ಅಜ್ಜ ಫೋನಿನಲ್ಲಿ ಹೇಳುತ್ತಿದ್ದ ಕಥೆಗಳಿಂದ ಬಂದದ್ದು.

ಆಪರೇಷನ್ನಿಗೆ ಮುಂಚೆ ಅವರು ಹಳೆಯ ಲ್ಯಾಪ್‌ಟಾಪಿಗೆ ಮೈಕು ಸಿಕ್ಕಿಸಿ, ಬಾಗಿಲು ಮುಚ್ಚಿಕೊಂಡು ಕಥೆ ಹೇಳತೊಡಗಿದರು. ಊರ ಬಾವಿಯಲ್ಲಿ ಈಜು ಕಲಿತದ್ದು, ಮರಾಠಿ ಒಂದಕ್ಷರ ಬಾರದೆ ಮನ್ಮಾಡಿನಲ್ಲಿ ತಪ್ಪು ರೈಲುಗಾಡಿ ಹತ್ತಿದ್ದು, ಲಾಸಲಗಾಂವ್‌ನಿಂದ ಉಳ್ಳಾಗಡ್ಡಿ ಲಾರಿಯಲ್ಲಿ ಗೆಳೆಯನ ಮದುವೆಗೆ ಹೋದದ್ದು. ಗಂಟಲು ನೋಯುವತನಕ ಹೇಳಿ, ಒಂದೊಂದನ್ನೂ ಪೆನ್‌ಡ್ರೈವಿಗೆ ಹಾಕಿದರು. ನಿವೃತ್ತರ ಕಂಪ್ಯೂಟರ್ ತರಗತಿಯಲ್ಲಿ, ಪತ್ರ ಸೇವ್ ಮಾಡುವಾಗ ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಡಿಓಸಿ ಎಂದು ಬರೆಯಲು ಕಲಿಸಿದ್ದರು. ಕಾರ್ಖಾನೆಯ ಶಿಸ್ತಿನವರು, ಕಥೆಗಳಿಗೂ ಹಾಗೇ ಬರೆದರು. ಹೀಗೇ ಇರಲೇ ಎಂದು ಕಂಪ್ಯೂಟರು ಕೇಳಿದಾಗಲೆಲ್ಲ ಹೂಂ ಎಂದು ಒತ್ತಿದರು.

ಆಪರೇಷನ್ ಸುಸೂತ್ರವಾಯಿತು. ಚೇತರಿಸಿಕೊಳ್ಳಲು ಹೆಂಡತಿ ಮಂದಾಕಿನಿಯ ಜೊತೆ ಮಗನ ಮನೆಗೆ ಬಂದರು. ಲ್ಯಾಪ್‌ಟಾಪು, ಮೈಕು, ಪೆನ್‌ಡ್ರೈವನ್ನೂ ತಂದಿದ್ದರು. ಹೇಳಬೇಕಾದದ್ದನ್ನು ಈಗ ಸಣ್ಣ ಬಿಳಿ ಹಲಗೆಯ ಮೇಲೆ ಬರೆಯಬೇಕು. ಒಂದು ಮಧ್ಯಾಹ್ನ ಭಾರ್ಗವಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಮನ್ಮಾಡಿನ ಕಥೆ ತೆರೆದರು. ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು, ಚೌಕಗಳು. ಸದ್ದಿಲ್ಲ. ಗಾಬರಿಯಲ್ಲಿ ಸೇವ್ ಒತ್ತಿದರು. ಇನ್ನೊಂದನ್ನು ತೆರೆದರೆ ಅದೂ ಹಾಗೇ. ರಘೋತ್ತಮರು ಎದ್ದು ಬಾಲ್ಕನಿಗೆ ಹೋದರು. ಸಂಜೆಯ ಚಹಾಕ್ಕೂ ಒಳಗೆ ಬರಲಿಲ್ಲ.

ಕೆಲಸದಿಂದ ಬಂದ ರುಚಿತಾಗೆ ಮಂದಾಕಿನಿ ಎಲ್ಲ ಹೇಳಿದರು. ಅವಳು ಚಪ್ಪಲಿ ಬಿಟ್ಟವಳೇ ಲ್ಯಾಪ್‌ಟಾಪಿನ ಮುಂದೆ ಕೂತಳು. ಮೊದಲು ಎಲ್ಲ ಫೈಲುಗಳ ಒಂದು ನಕಲು ಬೇರೆ ಕಡೆ ಇಟ್ಟಳು. ಬಳಿಕ ಅವು ಎಷ್ಟು ಜಾಗ ಹಿಡಿದಿವೆ ಎಂದು ನೋಡಿದಳು. ಬರೀ ಪತ್ರವಾಗಿದ್ದರೆ ಇಷ್ಟು ಭಾರ ಇರುತ್ತಿರಲಿಲ್ಲ ಎಂದು ಅವಳಿಗೆ ಅನಿಸಿತು. ಹೆಸರಿನ ಕೊನೆಯ ಭಾಗವನ್ನು ಕಂಪ್ಯೂಟರು ಬಚ್ಚಿಟ್ಟು ತೋರಿಸುತ್ತಿತ್ತು. ಅದು ಕಾಣುವಂತೆ ಮಾಡಿದಾಗ ಸಾಲಾಗಿ ಡಿಓಸಿ, ಅಂದರೆ ಪತ್ರದ ಫೈಲಿನ ಗುರುತು, ಕಂಡವು. ಬಾಲ್ಕನಿಗೆ ಹೋಗಿ ಮಾವನಿಗೆ ತನ್ನ ಹರಕು ಕನ್ನಡದಲ್ಲಿ ಹೇಳಿದಳು:

"ಬಾಬಾ, ಆವಾಜ್ ಒಳಗೇ ಅದ. ಹೆಸರಷ್ಟೇ ತಪ್ಪ್ಯಾದ. ಬರ್ರಿ."

ಅವರು ಒಳಗೆ ಬಂದಾಗ ಒಂದು ಫೈಲಿನ ಡಿಓಸಿ ಅಳಿಸಿ, ಧ್ವನಿಯ ಫೈಲಿಗೆ ಇರಬೇಕಾದ ಡಬ್ಲ್ಯೂಎವಿ ಎಂದು ಬರೆದಳು. ಬದಲಾಯಿಸಿದರೆ ಫೈಲು ಕೆಡಬಹುದು ಎಂದು ಕಂಪ್ಯೂಟರು ಎಚ್ಚರಿಸಿತು. ನಕಲು ಇದೆ ಎಂಬ ಧೈರ್ಯದಿಂದ ಮುಂದುವರಿದಳು. ಒಂದು ಕೆಮ್ಮು ಕೇಳಿಸಿತು. ಆಮೇಲೆ ಆ ದೊಡ್ಡ ದನಿ: "ಭಾರ್ಗವೀ, ಕೇಳ ಇಲ್ಲಿ. ನಮ್ಮೂರ ಬಾವಿ ಎಷ್ಟ ಆಳ ಇತ್ತಂದ್ರ..."

ಅಡುಗೆಮನೆಯಿಂದ ಓಡಿ ಬಂದ ಮಂದಾಕಿನಿ ಬಾಗಿಲಲ್ಲೇ ನಿಂತರು. ರಘೋತ್ತಮರ ಕಣ್ಣು ತುಂಬಿದವು. ಹಲಗೆ ತೆಗೆದುಕೊಂಡು ಸೊಸೆಗೆ ತಿಳಿಯಲೆಂದು ಮರಾಠಿಯಲ್ಲೇ ಬರೆದರು: ನನ್ನ ಜೀವ ಡಾಕ್ಟರು ಉಳಿಸಿದರು, ಮಾತು ನೀನು ಉಳಿಸಿದೆ. ರುಚಿತಾ ಅದನ್ನು ಓದಿ ಮುಂದಿನ ಫೈಲಿನ ಹೆಸರು ತಿದ್ದತೊಡಗಿದಳು. ತೀರಿಹೋದ ತನ್ನ ತಂದೆಯ ದನಿ ತನ್ನ ಹತ್ತಿರ ಒಂದು ಚೂರೂ ಇಲ್ಲ, ಅದಕ್ಕೇ ಬಂದವಳೇ ಲ್ಯಾಪ್‌ಟಾಪಿನ ಮುಂದೆ ಕೂತೆ ಎಂದು ಆಮೇಲೆ ಅತ್ತೆಯ ಹತ್ತಿರ ಹೇಳಿಕೊಂಡಳಂತೆ.

ಉಳಿದವೂ ಒಂದೊಂದಾಗಿ ತೆರೆದುಕೊಂಡವು, ಮನ್ಮಾಡಿನದೊಂದನ್ನು ಬಿಟ್ಟು. ಅದು ಅಕ್ಷರಗಳಾಗಿಯೇ ಸೇವ್ ಆಗಿ, ಒಳಗಿನ ಧ್ವನಿ ಹಾಳಾಗಿತ್ತು. ರುಚಿತಾ ಎಷ್ಟು ತಿಣುಕಿದರೂ ಬರಲಿಲ್ಲ. ಭಾರ್ಗವಿಗೆ ಪ್ರೀತಿಯ ಕಥೆ ಅದೇ. ರಘೋತ್ತಮರು ಮುಖ ಸಣ್ಣದು ಮಾಡಿದಾಗ ಮಂದಾಕಿನಿ ಮೈಕನ್ನು ತಮ್ಮ ಕಡೆ ಎಳೆದುಕೊಂಡರು.

"ಅದನ್ನ ಕೇಳಿ ಕೇಳಿ ನನಗ ಬಾಯಿಪಾಠ ಆಗ್ಯದ. ನಾ ಹೇಳ್ತೀನಿ. ತಪ್ಪಿದ್ರ ಕೈ ಮಾಡ್ರಿ."

ಅವರು ಹೇಳಿದರು. ಗಂಡ ನಡುನಡುವೆ ಕೈಯೆತ್ತಿ ತಡೆದು, ಮನ್ಮಾಡಿನಲ್ಲಿ ಇಳಿದದ್ದು ಸಂಜೆಯಲ್ಲ ಬೆಳಿಗ್ಗೆ ಎಂದು ಹಲಗೆಯ ಮೇಲೆ ಬರೆದು ತೋರಿಸಿದರು. ಬೆಳಿಗ್ಗೆ ಎಂದೇ ಆಗಲಿ ಎಂದು ಮಂದಾಕಿನಿ ಮುಂದುವರಿದರು. ಕಥೆಯಲ್ಲಿ ತಪ್ಪು ಗಾಡಿ ಹೊರಟ ಜಾಗ ಬಂದಾಗ ಭಾರ್ಗವಿ ಅಜ್ಜನ ಮಡಿಲಲ್ಲಿ ಬಿದ್ದು ನಗುತ್ತಿದ್ದಳು. ರಘೋತ್ತಮರೂ ಸದ್ದಿಲ್ಲದೆ, ಭುಜ ಕುಲುಕಿಸಿ ನಕ್ಕರು.