ಅತ್ತೆಯ ಪಟ್ಟಿಯಲ್ಲಿ ಮೂರನೆಯವಳು

ನಮ್ಮ ಅತ್ತೆಗೆ ಮೂವರು ಸೊಸೆಯರು. ಅವರಲ್ಲಿ ನಾನು ಮೂರನೆಯವಳು. ಮದುವೆಯಾದ ಕ್ರಮದಲ್ಲಿ ನಾನು ಎರಡನೆಯವಳೇ. ಮೂರನೆಯ ಸ್ಥಾನ ಅತ್ತೆ ಅಳೆದು ತೂಗಿ ಕೊಟ್ಟದ್ದು. ಕೋಪ, ಉಪ್ಪು, ಎದುರುತ್ತರ, ಎಲ್ಲದರಲ್ಲೂ ನನ್ನದು ಒಂದು ಕೈ ಮೇಲಂತೆ. ಮೊದಲ ಸ್ಥಾನ ಹಿರಿಯ ಓರಗಿತ್ತಿಗೆ. ಅವಳು ವರ್ಷಕ್ಕೆರಡು ಸಲ ನಗುನಗುತ್ತಾ ಬಂದು, ಅತ್ತೆಯ ಕಾಲು ಒತ್ತಿ, ಮೂರನೆಯ ದಿನ ಗಂಟುಮೂಟೆ ಕಟ್ಟುತ್ತಾಳೆ. ಬೆಳಗಾದರೆ ಅತ್ತೆಯ ಮುಖ ನೋಡುವ ಭಾಗ್ಯ ಮಾತ್ರ ನನ್ನದು.

ಅಳೆಯುವುದು ಅವರ ಕಸುಬು. ಆರೋಗ್ಯ ಇಲಾಖೆಯ ಅಂಕಿಅಂಶ ವಿಭಾಗದಲ್ಲಿ, ಗೊರಗೊರ ಎನ್ನುವ ಫ್ಯಾನಿನ ಕೆಳಗೆ ಕೂತು, ಸರ್ಕಾರಿ ಆಸ್ಪತ್ರೆಗಳನ್ನೆಲ್ಲ ಹೋಲಿಸಿ ಪ್ರತಿವರ್ಷ ಪಟ್ಟಿ ಮಾಡುತ್ತಿದ್ದರು. ಸೇರಿದ ನೂರು ಜನರಲ್ಲಿ ಸತ್ತವರೆಷ್ಟು? ಅದೊಂದೇ ಅಳತೆ. ಕಡಿಮೆ ಸತ್ತರೆ ಫಲಕ, ಹೆಚ್ಚು ಸತ್ತರೆ ನೋಟಿಸು. ಬಡಾವಣೆಯ ಹೊಸ ಆಸ್ಪತ್ರೆಗೆ ಸದಾ ಫಲಕ. ಮಾರುಕಟ್ಟೆಯ ಹಿಂದಿನ ಹಳೇ ಆಸ್ಪತ್ರೆಗೆ ಸದಾ ನೋಟಿಸು.

"ಅಂಕಿ ಸುಳ್ಳು ಹೇಳಲ್ಲ ಕಣೇ," ಎಂದು ಅತ್ತೆ ನನ್ನ ಪಲ್ಯದ ಮೇಲೆ ಒಂದು ಕಣ್ಣಿಟ್ಟೇ ಹೇಳುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ ಅವರು ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲೇ ಕುಸಿದರು. ಅತ್ತೆಗೆ ಪಿತ್ತ ನೆತ್ತಿಗೇರುವುದು ನಮಗೆ ಹೊಸದಲ್ಲ. ಈ ಸಲ ಪಿತ್ತಕೋಶವೇ ಕೆಟ್ಟಿತ್ತು. ಮೈ ಕೆಂಡ, ಕಣ್ಣು ಹಳದಿ. ನನ್ನ ಗಂಡ ಊರಲ್ಲಿರಲಿಲ್ಲ. ಅಷ್ಟು ನೋವಿನಲ್ಲೂ ಅಪ್ಪಣೆ ಬಂತು: "ಹೊಸ ಆಸ್ಪತ್ರೆಗೇ ನಡಿ. ಅದೇ ಫಸ್ಟು."

ಹೊಸ ಆಸ್ಪತ್ರೆಯ ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಬಾಗಿಲಲ್ಲೇ ಅತ್ತೆ ಕೊಡಿಸಿದ ಫಲಕಗಳು. ಎಳೆ ವಯಸ್ಸಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಸಕ್ಕರೆ ಕಾಯಿಲೆ ಉಂಟೇ, ಹೃದಯದ ತೊಂದರೆ ಉಂಟೇ ಎಂದು ಕೇಳಿದರು. ಎರಡಕ್ಕೂ ಹೌದು ಎಂದೆ. ಅವರ ಮುಖ ಸಪ್ಪಗಾಯಿತು.

"ಹಳೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಆಂಬುಲೆನ್ಸ್ ನಾವೇ ಕೊಡ್ತೀವಿ."

"ಇಲ್ಲಿ ಆಪರೇಷನ್ ಮಾಡಲ್ವಾ?" ನಾನು ಕೇಳಿದೆ.

"ಮಾಡ್ತೀವಿ. ಆದ್ರೆ ಇವರದ್ದು ರಿಸ್ಕು. ನಮ್ಮದು ಫಸ್ಟ್ ಬಂದಿರೋ ಆಸ್ಪತ್ರೆ ನೋಡಿ, ಹೆಸರು ಉಳಿಸ್ಕೋಬೇಕು."

ಇವರು ಯಾರೆಂದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಅತ್ತೆಯ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಆಂಬುಲೆನ್ಸಿನಲ್ಲಿ ಅವರು ನನ್ನ ಕೈ ಹಿಡಿದುಕೊಂಡರು.

"ಈಗ ನಾನು ಸತ್ರೆ ಯಾವ ಆಸ್ಪತ್ರೆ ಲೆಕ್ಕಕ್ಕೆ ಹೋಗ್ತೀನಿ?"

"ಸುಮ್ನಿರಿ ಅತ್ತೆ."

"ಹಳೇದರ ಲೆಕ್ಕಕ್ಕೆ. ಕಳಿಸಿದ್ದು ಇವರು, ನೋಟಿಸು ಅವರಿಗೆ. ಅದೂ ನನ್ನ ಕೈಯಿಂದ್ಲೇ!" ಎಂದವರು ಕಣ್ಣು ಮುಚ್ಚಿದರು. ನನ್ನ ಜೀವ ಬಾಯಿಗೆ ಬಂತು.

ಹಳೇ ಆಸ್ಪತ್ರೆಯಲ್ಲಿ ಗೋಡೆಯ ಬಣ್ಣ ಉದುರಿತ್ತು, ಸ್ಟ್ರೆಚರಿನ ಒಂದು ಚಕ್ರ ಅಡ್ಡ ಎಳೆಯುತ್ತಿತ್ತು. ಆದರೆ ಯಾರೂ ವಾಪಸ್ ಹೋಗಿ ಎನ್ನಲಿಲ್ಲ. ಹಿರಿಯ ನರ್ಸ್ ಅತ್ತೆಯನ್ನು ಕಂಡು ಹುಬ್ಬೇರಿಸಿದಳು. "ಸರ್, ವರ್ಷಾ ವರ್ಷಾ ನಮ್ಮನ್ನ ಕೊನೆಗೆ ಹಾಕೋದು ಇವರೇ!"

ದಪ್ಪ ಕನ್ನಡಕದ ಸರ್ಜನ್ ಕೈ ತೊಳೆಯುತ್ತಲೇ ಹೇಳಿದರು: "ಒಳ್ಳೇದೇ ಆಯ್ತು. ಇನ್ನೂ ಕೆಳಗೆ ಬೀಳೋಕೆ ನಮಗೆ ಜಾಗ ಇಲ್ಲ. ಧೈರ್ಯವಾಗಿ ಆಪರೇಷನ್ ಮಾಡೋಣ."

ಹೊರಗಿನ ಬೆಂಚಿನಲ್ಲಿ ಕೂತು ನಾನು ಅತ್ತುಬಿಟ್ಟೆ. ನನ್ನನ್ನು ಮೂರನೆಯವಳೆಂದ ಹೆಂಗಸಿಗಾಗಿ ಅಳುತ್ತಿದ್ದೇನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು, ಆದರೂ ಅಳು ನಿಲ್ಲಲಿಲ್ಲ. ಹಿರಿಯ ಓರಗಿತ್ತಿ ಫೋನ್ ಮಾಡಿ, ಬೇಗ ಗುಣವಾಗಲಿ ಎಂದು ಬಹಳ ಇಂಪಾಗಿ ಹಾರೈಸಿದಳು.

ಅತ್ತೆ ಬದುಕಿದರು. ಎಚ್ಚರವಾದೊಡನೆ ಆಸ್ಪತ್ರೆಯ ಗಂಜಿಯಲ್ಲಿ ಉಪ್ಪಿಲ್ಲ ಎಂದರು. ಗಂಡಾಂತರ ಕಳೆಯಿತೆಂದು ನನಗೆ ಖಾತ್ರಿಯಾಯಿತು.

ಕಚೇರಿಗೆ ಮರಳಿದವರೇ ಅವರು ಲೆಕ್ಕದ ರೀತಿಯನ್ನೇ ಬದಲಿಸಲು ಹಟ ಹಿಡಿದರು. ರೋಗಿ ಬಂದಾಗ ಎಷ್ಟು ಕೆಟ್ಟಿದ್ದ, ಮೊದಲು ಯಾರ ಬಾಗಿಲು ತಟ್ಟಿದ್ದ, ಎಲ್ಲವೂ ಸೇರಬೇಕು. ಮೇಲಧಿಕಾರಿ ಗೊಣಗಿದರು, ಕೊನೆಗೆ ಸಹಿ ಹಾಕಿದರು. ಈ ವರ್ಷದ ಪಟ್ಟಿಯಲ್ಲಿ ಹಳೇ ಆಸ್ಪತ್ರೆ ಮೇಲಕ್ಕೆ ಬಂದಿದೆ. ಹೊಸದು ಎಲ್ಲಿ ಬಿತ್ತೆಂದು ನಾನು ಹೇಳುವುದಿಲ್ಲ, ಪಾಪ, ಫಲಕಗಳನ್ನು ಇನ್ನೂ ಇಳಿಸಿಲ್ಲ.

ಪಟ್ಟಿ ಹೊರಬಿದ್ದ ದಿನ ಊಟಕ್ಕೆ ಕೂತಾಗ ಅತ್ತೆ ತಟ್ಟೆ ನೋಡುತ್ತಲೇ ಹೇಳಿದರು: "ನಿನ್ನ ಲೆಕ್ಕಾನೂ ತಪ್ಪಾಗಿತ್ತು ಕಣೇ."

"ಹೇಗೆ?"

"ದೊಡ್ಡೋಳಿಗೆ ಸಿಗೋದು ಎರಡು ದಿನದ ಅತ್ತೆ. ನಿನ್ನ ಪಾಲಿಗೆ ಬಂದಿರೋದು ಇಡೀ ನಾನು. ಅದನ್ನ ಲೆಕ್ಕಕ್ಕೆ ಹಿಡಿದಿರಲಿಲ್ಲ."

ಅವರ ತಟ್ಟೆಗೆ ಪಲ್ಯ ಬಡಿಸುತ್ತಾ ಕೇಳಿದೆ: "ಹಾಗಾದ್ರೆ ಈಗ ನಾನು ಎಷ್ಟನೆಯವಳು?"

ಅತ್ತೆ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದರು.

"ಎರಡನೆಯವಳು," ಎಂದರು. "ಉಪ್ಪು ಇನ್ನೂ ಜಾಸ್ತಿನೇ."